ಮಾಟ ಕಲಿಸುವ ಗುರುವನ್ನು ತಟ್ಟಿ ನೋಡುವುದು ಹೇಗೆ?

(ಬೆಂಗಳೂರಿನ ಒಂದು ಓದುಗರ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಿಷಯ ಓದಿದಾಗ ಕೆಲವರು ಮುಸಿಮುಸಿ ನಕ್ಕಿದ್ದು ಕಂಡಿತು. ತಪ್ಪೇನಿಲ್ಲ. ಮಾಟ ಅಂದ ಕೂಡಲೇ ನಮಗೆ ನೆನಪಾಗುವುದು ಮೂರು ದಾರಿ ಸೇರುವಲ್ಲಿ ಬಿದ್ದಿರುವ ನಿಂಬೆಹಣ್ಣು, ಕುಂಕುಮ, ಒಡೆದ ಕುಂಬಳಕಾಯಿ. ಇವತ್ತು ನಾನು ಅದರ ಬಗ್ಗೆ ಮಾತಾಡುವುದಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ ಈಗ ವಿಕ್ಕಾ ಎಂಬ ಹೆಸರಿನಲ್ಲಿ ಊರೂರು ಸುತ್ತುತ್ತಿರುವ ಒಂದು ಪುಟ್ಟ ಧರ್ಮದ ಬಗ್ಗೆ ಮಾತಾಡುತ್ತೇನೆ. ಅದರ ಜನ ತಮ್ಮನ್ನು 'ವಿಚ್' ಎಂದು ಹೆಮ್ಮೆಯಿಂದಲೇ ಕರೆದುಕೊಳ್ಳುತ್ತಾರೆ. ಅವರಿಗೆ ಒಬ್ಬ ದೇವಿ, ಒಬ್ಬ ಕೊಂಬಿನ ದೇವರು. ಹುಣ್ಣಿಮೆಗೆ ಪೂಜೆ, ವರ್ಷಕ್ಕೆ ಎಂಟು ಹಬ್ಬ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಮಂದಿ ತಮ್ಮ ಧರ್ಮ ವಿಕ್ಕಾ ಎಂದು ಬರೆಸಿದರು. ಪೇಗನ್, ಅಂದರೆ ಕ್ರೈಸ್ತ ಧರ್ಮಕ್ಕಿಂತ ಹಿಂದಿನ ದೇವರುಗಳನ್ನು ಪೂಜಿಸುವವರು, ಎಂದು ಬರೆಸಿದವರು ಸುಮಾರು 74,000.

ನಾನು ವಿಕ್ಕನ್ ಅಲ್ಲ. ಹೊಸ ಧರ್ಮಗಳು ಹೇಗೆ ಹುಟ್ಟುತ್ತವೆ ಎಂದು ಓದುವುದು ನನಗಿರುವ ಚಟ. ಓದುತ್ತಾ ಹೋದಾಗ ಈ ಧರ್ಮದಲ್ಲಿ ಒಂದು ಪ್ರಶ್ನೆ ಮೊದಲಿನಿಂದಲೂ ಇದೆ ಅನ್ನಿಸಿತು. ಕಲಿಸುತ್ತೇನೆ ಅಂತ ಬಂದವರನ್ನು ನಂಬುವುದು ಹೇಗೆ? ಈಗ ಆ ಪ್ರಶ್ನೆ ಇಲ್ಲಿಗೂ ಬಂದಿದೆ. ಟ್ಯಾರೋ ಎಂಬ ಭವಿಷ್ಯ ಹೇಳುವ ಎಲೆಗಳ ತರಗತಿ, ಹುಣ್ಣಿಮೆ ಸರ್ಕಲ್, ಆನ್‌ಲೈನ್ ದೀಕ್ಷೆ ಅಂತ ನಿಮ್ಮ ಫೋನಿಗೂ ಜಾಹೀರಾತು ಬಂದಿರಬಹುದು, ಅಲ್ವಾ?

ಮೊದಲು ಸ್ವಲ್ಪ ಹಿನ್ನೆಲೆ. ಬ್ರಿಟನ್ನಿನಲ್ಲಿ 1735ರ ಮಾಟದ ಕಾಯ್ದೆ ಅಂತ ಒಂದಿತ್ತು. ಮಾಟ ಮಾಡಿದ್ದಕ್ಕಲ್ಲ, ತನಗೆ ಮಾಟ ಬರುತ್ತದೆ ಎಂದು ನಂಬಿಸಿದ್ದಕ್ಕೆ ಅದರಲ್ಲಿ ಶಿಕ್ಷೆ. ಸತ್ತವರ ಜೊತೆ ಮಾತಾಡಿಸುತ್ತೇನೆ ಎನ್ನುತ್ತಿದ್ದ ಹೆಲೆನ್ ಡಂಕನ್ ಎಂಬ ಹೆಂಗಸನ್ನು 1944ರಲ್ಲಿ, ಯುದ್ಧದ ನಡುವೆ, ಇದೇ ಕಾಯ್ದೆಯಲ್ಲಿ ಒಂಬತ್ತು ತಿಂಗಳ ಜೈಲಿಗೆ ಹಾಕಿದರು. 1951ರಲ್ಲಿ ಕಾಯ್ದೆ ರದ್ದಾಯಿತು. ಅದರ ಜಾಗಕ್ಕೆ ಸತ್ತವರ ಜೊತೆ ಮಾತಾಡಿಸುತ್ತೇವೆ ಎಂದು ಮೋಸ ಮಾಡುವವರನ್ನು ಹಿಡಿಯುವ ಬೇರೆ ಕಾಯ್ದೆ ಬಂತು. 2008ರಲ್ಲಿ ಅದೂ ಹೋಗಿ, ಈಗ ಇಂಥ ಮೋಸಗಳು ಗ್ರಾಹಕರ ರಕ್ಷಣೆಯ ನಿಯಮಗಳ ಕೆಳಗೆ ಬರುತ್ತವೆ. ಹಳಸಿದ ಬ್ರೆಡ್ ಮಾರಿದವನೂ ಸುಳ್ಳು ಭವಿಷ್ಯ ಮಾರಿದವನೂ ಹತ್ತಿರದ ನೆಂಟರಾಗಿದ್ದಾರೆ. ನನಗಂತೂ ಈ ಬದಲಾವಣೆ ಬಹಳ ಹಿಡಿಸಿತು.

1951ರ ನಂತರ, ತಾವು ವಿಚ್‌ಗಳು ಎಂದು ಬಾಯಿ ಬಿಟ್ಟವರಲ್ಲಿ ಮುಖ್ಯನಾದವನು ಜೆರಾಲ್ಡ್ ಗಾರ್ಡ್ನರ್. 1884ರಲ್ಲಿ ಲಿವರ್‌ಪೂಲ್ ಹತ್ತಿರ ಹುಟ್ಟಿದವನು. ಸಿಲೋನಿನ ಟೀ ತೋಟ, ಮಲಯದ ರಬ್ಬರ್ ತೋಟ, ಆಮೇಲೆ ಸುಂಕದ ಇಲಾಖೆ ಅಂತ ಬದುಕಿನ ಬಹುಭಾಗ ಏಷ್ಯಾದಲ್ಲಿ ಕಳೆದ. 1936ರಲ್ಲಿ ನಿವೃತ್ತನಾಗಿ ಊರಿಗೆ ಮರಳಿದ. 1939ರಲ್ಲಿ ನ್ಯೂ ಫಾರೆಸ್ಟ್ ಎಂಬ ಕಾಡಿನ ಸೀಮೆಯಲ್ಲಿ ಹಳೆಯ ಕಾಲದಿಂದ ಉಳಿದುಬಂದ ವಿಚ್‌ಗಳ ಗುಂಪೊಂದು ತನಗೆ ದೀಕ್ಷೆ ಕೊಟ್ಟಿತು ಎಂದು ಹೇಳಿಕೊಂಡ. 1954ರಲ್ಲಿ ಪುಸ್ತಕ ಬರೆದು ಲೋಕಕ್ಕೆ ಸಾರಿದ. ಐಲ್ ಆಫ್ ಮ್ಯಾನ್ ದ್ವೀಪದ ಕಾಸಲ್‌ಟೌನ್‌ನಲ್ಲಿ ಅವನದೊಂದು ಮಾಟದ ಮ್ಯೂಸಿಯಂ ಕೂಡ ಇತ್ತು.

ಇವತ್ತಿನ ಕಥೆಯ ನಾಯಕಿ ಬೇರೆ. ಡೊರೀನ್ ವ್ಯಾಲಿಯೆಂಟ್. ಹುಟ್ಟಿದ್ದು 1922ರಲ್ಲಿ. ಯುದ್ಧದ ಕಾಲದಲ್ಲಿ ಶತ್ರುಗಳ ಗುಪ್ತ ಸಂದೇಶ ಒಡೆಯುತ್ತಿದ್ದ ಬ್ಲೆಚ್ಲಿ ಪಾರ್ಕ್‌ನಲ್ಲಿ ಕೆಲಸ ಮಾಡಿದವಳು. 1952ರಲ್ಲಿ ಪತ್ರಿಕೆಯೊಂದರಲ್ಲಿ ಮಾಟದ ಮ್ಯೂಸಿಯಂ ಬಗ್ಗೆ ಲೇಖನ ಓದಿ ಅಲ್ಲಿಗೆ ಕಾಗದ ಹಾಕಿದಳು. ಕಾಗದ ಗಾರ್ಡ್ನರ್ ಕೈ ಸೇರಿತು. ಪತ್ರ ನಡೆಯಿತು, ಭೇಟಿ ಆಯಿತು. ಭೇಟಿಯಾದಾಗ ಗಾರ್ಡ್ನರ್ ಅವಳ ಕೈಗೆ ತಾನೇ ಬರೆದ ಒಂದು ಕಾದಂಬರಿ ಕೊಟ್ಟ. ಸೇರಬೇಕು ಎಂದು ಬಂದವರಿಗೆ ಅದನ್ನು ಕೊಡುವುದು ಅವನ ರೂಢಿ. ಬಟ್ಟೆಯಿಲ್ಲದೆ ಪೂಜೆ ಮಾಡುವುದು, ಚಾಟಿಯಿಂದ ಮೆಲ್ಲಗೆ ಹೊಡೆಯುವುದು, ಇವೆಲ್ಲ ಆ ಕಥೆಯೊಳಗೆ ಇದ್ದವು. ಓದಿ ಬೆಚ್ಚಿಬಿದ್ದವರು ಹಾಗೇ ಹಿಂದೆ ಸರಿಯಬಹುದಿತ್ತು. ಡೊರೀನ್ ಓದಿದಳು, ಯೋಚಿಸಿದಳು. 1953ರ ಬೇಸಿಗೆಯ ನಡುಹಬ್ಬದ ಹೊತ್ತಿಗೆ ದೀಕ್ಷೆ ಪಡೆದಳು.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ದೀಕ್ಷೆ ಹೇಗಿರುತ್ತದೆ ಗೊತ್ತೇ? ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಕೈಗಳನ್ನು ಹುರಿಯಿಂದ ಬಿಗಿಯುತ್ತಾರೆ. ಮೈಮೇಲೆ ನೂಲೆಳೆ ಇಲ್ಲ. ನೆಲದ ಮೇಲೆ ಎಳೆದ ವೃತ್ತದ ಅಂಚಿಗೆ ತಂದು ನಿಲ್ಲಿಸಿ, ಎದೆಗೆ ಕತ್ತಿಯ ಮೊನೆ ಹಿಡಿಯುತ್ತಾರೆ. ಭಯ ಇಟ್ಟುಕೊಂಡು ಒಳಗೆ ಬರುವುದಾದರೆ ಈ ಕತ್ತಿಗೇ ಹಾರುವುದು ಮೇಲು ಎನ್ನುತ್ತಾರೆ. ಆಗ ಕಣ್ಣು ಕಟ್ಟಿಸಿಕೊಂಡವರು ತಮ್ಮ ಗುಪ್ತ ಮಾತನ್ನು ಹೇಳಬೇಕು. ಪೂರ್ಣ ಪ್ರೀತಿ, ಪೂರ್ಣ ನಂಬಿಕೆ. ಆಮೇಲೆ ಗುಟ್ಟು ಕಾಪಾಡುವ ಆಣೆ.

ಇದು ನಾಟಕದಂತೆ ಕಾಣಬಹುದು. ಆದರೆ ಆ ಗಳಿಗೆಯಲ್ಲಿ ಒಬ್ಬ ಮನುಷ್ಯ ಇನ್ನೊಬ್ಬರ ಕೈಯಲ್ಲಿ ಪೂರ್ತಿ ಇರುವುದಂತೂ ನಿಜ. ಆದ್ದರಿಂದಲೇ ಗುರು ಯಾರು ಎನ್ನುವುದು ಇಲ್ಲಿ ಯೋಗ ಕ್ಲಾಸು, ಸಂಗೀತದ ಕ್ಲಾಸಿಗಿಂತ ಜಾಸ್ತಿ ಮುಖ್ಯವಾಗುತ್ತದೆ. ಗಾರ್ಡ್ನರ್‌ನಲ್ಲಿ ಸಾವಿರ ಹುಳುಕಿರಲಿ, ಈ ವಿಷಯದಲ್ಲಿ ಅವನು ಸರಿಯಾಗಿ ನಡೆದುಕೊಂಡ. ಏನು ನಡೆಯುತ್ತದೆ ಎಂಬುದರ ಸುಳಿವನ್ನು ಮೊದಲೇ ಕೊಟ್ಟ. ತಿಂಗಳುಗಟ್ಟಲೆ ಸಮಯ ಕೊಟ್ಟ. ವಿಕ್ಕಾದ ಅನೇಕ ಗುಂಪುಗಳಲ್ಲಿ ಇವತ್ತಿಗೂ ಒಂದು ವರ್ಷ ಒಂದು ದಿನ ಕಾದ ಮೇಲೇ ದೀಕ್ಷೆ ಎಂಬ ಸಂಪ್ರದಾಯ ಇದೆ. ಅವರು ಗುಂಪಿಗೆ ಕೋವೆನ್ ಎನ್ನುತ್ತಾರೆ. ಆ ಒಂದು ವರ್ಷದಲ್ಲಿ ಕೋವೆನ್ ನಿಮ್ಮನ್ನು ನೋಡುತ್ತದೆ. ನೀವೂ ಕೋವೆನ್ನನ್ನು ನೋಡಬೇಕು. "ಈ ಹುಣ್ಣಿಮೆಗೇ ದೀಕ್ಷೆ, ತಪ್ಪಿದರೆ ಮತ್ತೆ ಸಿಗಲ್ಲ" ಎನ್ನುವವರು ಗುರುಗಳಲ್ಲ, ಡಿಸ್ಕೌಂಟ್ ಸೇಲ್‌ನವರು.

ಡೊರೀನ್ ಒಳಗೆ ಹೋದಳು. ಗುಂಪಿನ ಗುಟ್ಟಿನ ಪುಸ್ತಕ ಕೈಗೆ ಬಂತು. ಅದನ್ನು ಕೈಯಾರೆ ನಕಲು ಮಾಡಿಕೊಳ್ಳುವುದು ಅವರ ಪದ್ಧತಿ. ಓದುತ್ತಿದ್ದಂತೆ ಅವಳಿಗೆ ಕೆಲವು ಸಾಲು ಗುರುತು ಸಿಕ್ಕವು. ಇದು ಪುರಾತನ ಕಾಲದ್ದಲ್ಲ. ಅಲಿಸ್ಟರ್ ಕ್ರೌಲಿಯ ಬರಹ! ಕ್ರೌಲಿ ಆ ಕಾಲದ ಹೆಸರುವಾಸಿ, ಕೆಟ್ಟ ಹೆಸರಿನ ಮಾಂತ್ರಿಕ. 1947ರಲ್ಲಿ ತೀರಿಕೊಂಡಿದ್ದ. ಅದೇ ವರ್ಷ ಗಾರ್ಡ್ನರ್ ಅವನನ್ನು ಕಂಡು ಬಂದಿದ್ದ. ಡೊರೀನ್ ಸುಮ್ನೆ ಇರಲಿಲ್ಲ. ನೇರವಾಗಿ ಗುರುವಿನ ಮುಂದೆ ಹೋಗಿ ಹೇಳಿದಳು, ಇದು ಕ್ರೌಲಿಯದು ಅಂತ.

ಗಾರ್ಡ್ನರ್ ಏನು ಮಾಡಿದ? ಸಿಟ್ಟಾಗಲಿಲ್ಲ. ಶಾಪದ ಮಾತಾಡಲಿಲ್ಲ. ತನಗೆ ಸಿಕ್ಕಿದ್ದು ಬರೀ ಚೂರುಪಾರು, ನಡುವಿನ ಖಾಲಿ ಜಾಗಗಳನ್ನು ತಾನೇ ತುಂಬಿಸಿದೆ ಎಂದ. ನಿನಗೆ ಇನ್ನೂ ಚೆನ್ನಾಗಿ ಬರೆಯಲು ಆದರೆ ಬರೆ ಎಂದು ಪುಸ್ತಕವನ್ನು ಅವಳ ಕೈಗೇ ಬಿಟ್ಟ. ಅವಳು ಕೂತು ಬರೆದಳು. ದೇವಿಯೇ ಭಕ್ತರಿಗೆ ಮಾತಾಡುವಂತೆ ಅವಳು ತಿದ್ದಿ ಬರೆದ ಗದ್ಯವನ್ನು ಜಗತ್ತಿನ ವಿಕ್ಕನ್ನರು ಈಗಲೂ ಹುಣ್ಣಿಮೆಗಳಲ್ಲಿ ಓದುತ್ತಾರೆ.

ನಾನು ಇವತ್ತು ಹೇಳಬೇಕೆಂದು ಬಂದದ್ದು ಇಷ್ಟೇ. ಗಡಿಗೆ ಕೊಳ್ಳುವಾಗ ತಟ್ಟಿ ನೋಡುತ್ತೇವೆ. ಗುರುವನ್ನು ತಟ್ಟುವುದು ಪ್ರಶ್ನೆಯಿಂದ. ಉತ್ತರ ಸರಿಯೋ ತಪ್ಪೋ ಎನ್ನುವುದು ಎರಡನೆಯ ಮಾತು. ಪ್ರಶ್ನೆ ಬಿದ್ದಾಗ ಆ ಮನುಷ್ಯ ಏನಾಗುತ್ತಾನೆ ಎಂದು ನೋಡಿ. "ಇದು ನಿಮಗೆಲ್ಲಿ ಸಿಕ್ಕಿತು?" ಎಂದು ಕೇಳಿ. "ಇದನ್ನು ನಾನು ಮಾಡಲ್ಲ" ಎಂದು ಹೇಳಿ. "ಯೋಚನೆ ಮಾಡಿ ಮುಂದಿನ ತಿಂಗಳು ಹೇಳ್ತೀನಿ" ಎನ್ನಿ. ಆಮೇಲೆ ಮುಖ ನೋಡಿ.

ಆದರೆ ಒಂದು ಸಲ ತಟ್ಟಿ ನೋಡಿದರೆ ಸಾಲದು. ಅದಕ್ಕೆ ಸಾಕ್ಷಿಯೂ ಇದೇ ಗಾರ್ಡ್ನರ್. ನಾಲ್ಕು ವರ್ಷ ಮುಂದೆ ಬನ್ನಿ. ಅವನಿಗೆ ಪತ್ರಿಕೆಗಳ ಹುಚ್ಚು ಹತ್ತಿತ್ತು. ವರದಿಗಾರರನ್ನು ಕರೆಯುವುದು, ಫೋಟೋಗೆ ನಿಲ್ಲುವುದು. ಹೆಸರು ಹೊರಗೆ ಬಂದರೆ ನೌಕರಿ ಹೋಗುವ ಕಾಲ ಅದು. ಗುಂಪಿನವರಿಗೆ ದಿಗಿಲು. ಡೊರೀನ್ ಅಷ್ಟರಲ್ಲಿ ಗುಂಪಿನ ಹಿರಿಯ ಪೂಜಾರಿಣಿ. ಅವಳೂ ಜೊತೆಗಾರರೂ ಕೂಡಿ ಕೆಲವು ನಿಯಮಗಳ ಕರಡು ಬರೆದು ಕಳಿಸಿದರು. ಪ್ರಚಾರಕ್ಕೊಂದು ಮಿತಿ ಇರಲಿ ಎನ್ನುವುದು ಅದರ ತಿರುಳು.

ಗಾರ್ಡ್ನರ್‌ನಿಂದ ಉತ್ತರ ಬಂತು. ಹೊಸ ನಿಯಮ ಯಾಕೆ, ನಮ್ಮ ಪುರಾತನ ಕಾನೂನು ಇದೆಯಲ್ಲ ಅಂತ! ಜೊತೆಗೆ ಆ ಕಾನೂನುಗಳ ದೊಡ್ಡ ಪಟ್ಟಿ. ಹಳೆಯ ಇಂಗ್ಲಿಷಿನ ಸೋಗಿನಲ್ಲಿ ಬರೆದದ್ದು. ಅಲ್ಲಿಯವರೆಗೆ ಆ ಕಾನೂನುಗಳ ಹೆಸರನ್ನೇ ಯಾರೂ ಕೇಳಿರಲಿಲ್ಲ. ಪೂಜಾರಿಣಿಗೆ ವಯಸ್ಸಾದಾಗ ಅವಳು ಕಿರಿಯಳೊಬ್ಬಳಿಗೆ ನಗುನಗುತ್ತಾ ಜಾಗ ಬಿಡಬೇಕು ಎಂಬುದೂ ಅದರಲ್ಲಿ ಒಂದು. ಆಗ ಡೊರೀನ್‌ಗೆ ವಯಸ್ಸು 35. ಗಾರ್ಡ್ನರ್‌ಗೆ ಎಪ್ಪತ್ತು ದಾಟಿತ್ತು. ಪೂಜಾರಿಗಳ ವಯಸ್ಸಿನ ಬಗ್ಗೆ ಪುರಾತನ ಕಾನೂನಿಗೆ ಚಿಂತೆ ಇದ್ದಂತಿಲ್ಲ.

ಆ ಪಟ್ಟಿಯಲ್ಲಿ ಸುಟ್ಟು ಕೊಲ್ಲುವ ಭಯದ ಮಾತು ಮತ್ತೆ ಮತ್ತೆ ಬರುತ್ತದೆ. ಇಂಗ್ಲೆಂಡಿನಲ್ಲಿ ಮಾಟದ ಅಪರಾಧಕ್ಕೆ ಕೊಡುತ್ತಿದ್ದ ಶಿಕ್ಷೆ ನೇಣು. ಸುಡುತ್ತಿದ್ದದ್ದು ಸ್ಕಾಟ್ಲೆಂಡ್‌ನಲ್ಲಿ, ಯುರೋಪಿನ ನೆಲದಲ್ಲಿ. ನ್ಯೂ ಫಾರೆಸ್ಟಿನ ಅಜ್ಜಿಯರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಕಾನೂನಿಗೆ ತಮ್ಮೂರಿನ ಶಿಕ್ಷೆಯೇ ಗೊತ್ತಿಲ್ಲದಿದ್ದರೆ ಹೇಗೆ?

ಡೊರೀನ್ ನಂಬಲಿಲ್ಲ. 1957ರಲ್ಲಿ ಗುಂಪು ಒಡೆಯಿತು, ಅವಳು ಹೊರಗೆ ಬಂದಳು.

ಇಬ್ಬರೂ ಒಂದೇ ಮನುಷ್ಯ, ನೋಡಿ. 1950ರ ದಶಕದ ಮೊದಲಲ್ಲಿ ಪ್ರಶ್ನೆಗೆ ಪುಸ್ತಕ ಬಿಟ್ಟುಕೊಟ್ಟವನು, ಕೊನೆಯಲ್ಲಿ ಪ್ರಶ್ನೆಗೆ ಶಾಸನ ಹೊರತೆಗೆದ. ನನಗನ್ನಿಸುವುದು, ಮೊದಲ ಪ್ರಶ್ನೆ ಅವನ ಪುಸ್ತಕವನ್ನು ಮುಟ್ಟಿತ್ತು, ಎರಡನೆಯದು ಅವನ ಅಧಿಕಾರವನ್ನು ಮುಟ್ಟಿತು. ಹಾಗಾಗಿ ತಟ್ಟುವುದಾದರೆ ಅಧಿಕಾರ ಇರುವ ಕಡೆ ತಟ್ಟಬೇಕು. ಇಲ್ಲಿ ತೀರ್ಮಾನ ಯಾರು ಮಾಡ್ತಾರೆ? ನಿಮ್ಮ ತೀರ್ಮಾನ ತಪ್ಪು ಅನ್ನಿಸಿದರೆ ನಾವು ಯಾರ ಹತ್ತಿರ ಹೋಗಬೇಕು? ಗುಂಪು ಬಿಟ್ಟು ಹೋದವರು ಯಾರಾದರೂ ಇದ್ದಾರಾ, ಅವರ ಜೊತೆ ಒಂದು ಮಾತಾಡಬಹುದಾ? ಈ ಕೊನೆಯ ಪ್ರಶ್ನೆಗೆ ನಗುಮುಖದಿಂದ ಹೌದು ಎನ್ನುವವರು ಸಿಕ್ಕರೆ ನಿಮ್ಮ ಪುಣ್ಯ. ಬಿಟ್ಟು ಹೋದವರೆಲ್ಲ ಹುಚ್ಚರು, ದ್ರೋಹಿಗಳು ಎನ್ನುವವರು ನಾಳೆ ನಿಮ್ಮನ್ನೂ ಹಾಗೇ ಕರೆಯುತ್ತಾರೆ.

ಇನ್ನು ವಂಶಾವಳಿಯ ಮಾತು. ಹೊಸಬರು ಮೊದಲು ಮರುಳಾಗುವುದು ಇಲ್ಲೇ. "ನನಗೆ ದೀಕ್ಷೆ ಕೊಟ್ಟವರು ಇಂಥವರು, ಅವರಿಗೆ ಕೊಟ್ಟವರು ಇಂಥವರು, ಅಲ್ಲಿಂದ ನೇರ ಗಾರ್ಡ್ನರ್." 1960ರ ದಶಕದಲ್ಲಿ ಪತ್ರಿಕೆಗಳು ವಿಚ್‌ಗಳ ರಾಜ ಎಂದು ಮೆರೆಸಿದ ಅಲೆಕ್ಸ್ ಸ್ಯಾಂಡರ್ಸ್ ತನಗೆ ಏಳನೆಯ ವಯಸ್ಸಿನಲ್ಲೇ ಅಜ್ಜಿ ದೀಕ್ಷೆ ಕೊಟ್ಟಳು ಎನ್ನುತ್ತಿದ್ದ. ಅವನ ಗುಂಪಿನ ಪೂಜೆಯ ಪಾಠ ನೋಡಿದರೆ ಬಹುಪಾಲು ಗಾರ್ಡ್ನರ್ ಗುಂಪಿನದೇ. ಅಜ್ಜಿಯ ಹೆಸರು ಹೇಳಿಕೊಳ್ಳುವವರು ಎಷ್ಟು ಜಾಸ್ತಿ ಆದರೆಂದರೆ, ಆ ವಲಯದಲ್ಲಿ ಇಂಥವಕ್ಕೆ 'ಅಜ್ಜಿ ಕಥೆ' ಎಂದೇ ಹೆಸರು ಬಿತ್ತು. ನಮ್ಮ ಅಡಗೂಲಜ್ಜಿಗೆ ಅಲ್ಲೂ ಒಬ್ಬ ತಂಗಿ ಇದ್ದಾಳೆ ಅನ್ನಿ.

ಹಾಗಾದರೆ ಗಾರ್ಡ್ನರ್‌ನ ಮೂಲವಾದರೂ ಗಟ್ಟಿಯೇ? ತನಗೆ ದೀಕ್ಷೆ ಕೊಟ್ಟವಳು ಡೊರೊಥಿ ಕ್ಲಟರ್‌ಬಕ್ ಎಂದು ಅವನು ಹೇಳಿದ್ದ. ಅಂಥವಳೇ ಇರಲಿಲ್ಲ ಎಂದು ವಿದ್ವಾಂಸರು ನಕ್ಕರು. ಆಗ ಕಚೇರಿ ಕಚೇರಿ ತಿರುಗಿ, ಹಳೆಯ ದಾಖಲೆ ಕೆದಕಿ, ಆ ಹೆಂಗಸಿನ ಜನನ ಮರಣದ ಪತ್ರ ಹುಡುಕಿ ತೆಗೆದವಳು ಯಾರು ಅಂತೀರಿ? ಡೊರೀನ್! 1980ರ ದಶಕದ ಆರಂಭದಲ್ಲಿ. ಜಗಳವಾಡಿ ಬಿಟ್ಟು ಬಂದ ಗುರುವಿನ ಮಾತು ನಿಜವೇ ಎಂದು ಕಾಲು ಶತಮಾನದ ನಂತರ ಪರೀಕ್ಷಿಸಿ, ಇಷ್ಟು ಭಾಗ ನಿಜ ಎಂದು ಅವನ ಪರವಾಗಿ ಸಾಕ್ಷಿ ಹೇಳಿದಳು. ಹೆಂಗಸು ಇದ್ದಳು, ಸರಿ. ಆದರೆ ಅವಳು ವಿಚ್ ಆಗಿದ್ದಳೇ ಎಂಬುದನ್ನು ಇತಿಹಾಸಕಾರ ರೊನಾಲ್ಡ್ ಹಟನ್ ಗಟ್ಟಿಯಾಗಿ ಅನುಮಾನಿಸಿದ್ದಾರೆ. ಧರ್ಮದ ಬುಡವೇ ಹೀಗಿರುವಾಗ ಗುರುವಿನ ವಂಶಾವಳಿ ನೋಡಿ ಕೈ ಮುಗಿಯುವುದರಲ್ಲಿ ಅರ್ಥವಿಲ್ಲ. ವಂಶಾವಳಿ ನೋಡಬೇಡಿ ಎನ್ನುತ್ತಿಲ್ಲ. ಅದರಿಂದ ಒಂದೇ ಉಪಯೋಗ. ನಾಲ್ಕು ಜನರ ಹೆಸರು ಸಿಗುತ್ತದೆ, ಹೋಗಿ ವಿಚಾರಿಸಬಹುದು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಗಾರ್ಡ್ನರ್ ಪರಂಪರೆಯಲ್ಲಿ ದೀಕ್ಷೆಗೆ ಕಾಸು ತೆಗೆದುಕೊಳ್ಳುವಂತಿಲ್ಲ. ತಮಾಷೆ ಎಂದರೆ, ಈ ವಿದ್ಯೆಗೆ ಹಣ ಮುಟ್ಟಬೇಡ ಎಂಬ ಮಾತು ಅದೇ ಹುಸಿ ಪುರಾತನ ಕಾನೂನಿನ ಪಟ್ಟಿಯಲ್ಲೂ ಇದೆ. ಸುಳ್ಳು ಪಟ್ಟಿಯಲ್ಲೂ ಒಂದು ಒಳ್ಳೆಯ ನಿಯಮ ಇರಬಹುದು! ಹಾಲ್ ಬಾಡಿಗೆ, ಮೇಣದಬತ್ತಿ, ಊಟದ ಖರ್ಚು ಹಂಚಿಕೊಳ್ಳುವುದು ಬೇರೆ. ಗಿಡಮೂಲಿಕೆ, ಟ್ಯಾರೋ, ಇತಿಹಾಸ ಅಂತ ತರಗತಿ ನಡೆಸಿ ಫೀಸು ಕೇಳಿದರೂ ನನಗೆ ತಕರಾರಿಲ್ಲ. ಮಟ್ಟ ಏರಿದಂತೆ ಬೆಲೆ ಏರುವ ಗುಟ್ಟುಗಳ ಬಗ್ಗೆ ಮಾತ್ರ ಹುಷಾರು. "ನಿನ್ನ ಮೇಲೆ ಯಾರೋ ಮಾಡಿಸಿದ್ದಾರೆ, ತೆಗೆಯಲು ಇಷ್ಟಾಗುತ್ತೆ" ಎಂಬ ಮಾತು ಬಂದರೆ ಚಪ್ಪಲಿ ಹಾಕಿಕೊಳ್ಳಿ. ಈ ಆಟ ಲಂಡನ್ನಿನಲ್ಲೂ ಒಂದೇ, ಲಿಂಗಸುಗೂರಿನಲ್ಲೂ ಒಂದೇ.

ಮೈಯ ವಿಷಯ ಅಷ್ಟು ಬೇಗ ಮುಗಿಸಲು ಆಗುವುದಿಲ್ಲ. ವಿಕ್ಕಾದಲ್ಲಿ ಮೂರು ಮಟ್ಟದ ದೀಕ್ಷೆ ಇದೆ. ಮೂರನೆಯದರಲ್ಲಿ ದೇವ ದೇವಿಯರ ಕೂಡುವಿಕೆಯ ಪೂಜೆ ಬರುತ್ತದೆ. ಸಾಮಾನ್ಯವಾಗಿ ಅದನ್ನು ಬಟ್ಟಲಿನಲ್ಲಿ ಕತ್ತಿ ಅದ್ದಿ, ಸಂಕೇತವಾಗಿ ಮಾಡುತ್ತಾರೆ. ನಿಜವಾಗಿ ಮಾಡುವುದಿದ್ದರೆ ಅದು ಮೊದಲೇ ಜೋಡಿಯಾಗಿರುವ ಇಬ್ಬರ ಖಾಸಗಿ ವಿಷಯ. ಆದರೆ ಈ ಒಂದು ಎಳೆ ಹಿಡಿದುಕೊಂಡು "ನನ್ನ ಜೊತೆ ಮಲಗದೆ ವಿದ್ಯೆ ದಾಟುವುದಿಲ್ಲ" ಎನ್ನುವ ಗುರುಗಳು ಬಂದಿದ್ದಾರೆ, ಇನ್ನೂ ಬರುತ್ತಾರೆ. ಪೂರ್ಣ ನಂಬಿಕೆ ಎಂಬ ಅದೇ ಮಾತನ್ನು ಬಾಯಿ ಮುಚ್ಚಿಸಲು ಬಳಸುತ್ತಾರೆ. "ನಂಬಿಕೆ ಇಲ್ವಾ ನಿನಗೆ? ಹಾಗಾದರೆ ಆಣೆ ಯಾಕೆ ಮಾಡಿದೆ?" ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ 2012ರಲ್ಲಿ ಇಬ್ಬರು ಮುದುಕರಿಗೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ ಜೈಲಾಯಿತು. ಅವರಲ್ಲೊಬ್ಬ ತಾನು ಕೋವೆನ್ನೊಂದರ ಮುಖ್ಯ ಪೂಜಾರಿ ಎನ್ನುತ್ತಿದ್ದ. ಗುಟ್ಟಿನ ಆಣೆ ಇರುವುದು ಪೂಜೆಯ ಮಾತುಗಳಿಗೆ. ಅಪರಾಧಕ್ಕೆ ಅಲ್ಲ. ಮನೆಯವರಿಗೆ ಹೇಳಬೇಡ, ಗೆಳೆಯರಿಗೆ ಹೇಳಬೇಡ, ನೀನು ಎಲ್ಲಿಗೆ ಹೋಗುತ್ತಿದ್ದೀಯ ಎಂದೂ ಹೇಳಬೇಡ ಎನ್ನುವ ಗುರು ಕಾಪಾಡುತ್ತಿರುವುದು ದೇವಿಯ ಗುಟ್ಟನ್ನಲ್ಲ, ತನ್ನದನ್ನು. ಸರಿಯಾದ ಕೋವೆನ್‌ಗಳು 18 ತುಂಬದವರನ್ನು ಸಾಮಾನ್ಯವಾಗಿ ಬಾಗಿಲಲ್ಲೇ ನಿಲ್ಲಿಸುತ್ತವೆ. ಮೊದಲ ಭೇಟಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಕಾಫಿ ಅಂಗಡಿಯಲ್ಲಿ ಇಟ್ಟುಕೊಳ್ಳುತ್ತವೆ. ಜೊತೆಗೊಬ್ಬರನ್ನು ಕರೆದುಕೊಂಡು ಬಾ ಎನ್ನುತ್ತವೆ.

ಅಮೆರಿಕದಲ್ಲಿ ಐಸಾಕ್ ಬೋನ್‌ವಿಟ್ಸ್ ಎಂಬ ಪೇಗನ್ ಬರಹಗಾರ 1979ರಲ್ಲಿ ಒಂದು ಅಂಕಪಟ್ಟಿ ಮಾಡಿದ. ಗುಂಪು ನಿಮ್ಮ ದುಡ್ಡನ್ನು ಎಷ್ಟು ಹಿಡಿದುಕೊಂಡಿದೆ, ಬಿಟ್ಟು ಹೋಗಲು ಎಷ್ಟು ಕಷ್ಟ ಎಂದೆಲ್ಲ ಕೇಳಿ, ಒಂದೊಂದಕ್ಕೂ ಒಂದರಿಂದ ಹತ್ತು ಅಂಕ ಹಾಕುವುದು. ಒಟ್ಟು ಜಾಸ್ತಿಯಾದಷ್ಟೂ ಅಪಾಯ. ಆ ವಲಯದಲ್ಲಿ ಅದು ಬಹಳ ಓಡಾಡಿದೆ. ಪ್ರಶ್ನೆಗಳು ಒಳ್ಳೆಯವೇ. ಆದರೆ ಒಳಗೆ ಮುಳುಗಿದವರು ತಮ್ಮ ಗುರುವಿಗೆ ಎಷ್ಟು ಅಂಕ ಹಾಕುತ್ತಾರೆ ಹೇಳಿ? ಪಟ್ಟಿಯನ್ನು ಹೊರಗಿರುವ ಗೆಳತಿಯ ಕೈಗೆ ಕೊಟ್ಟು, ನೀನು ಹಾಕು ಎನ್ನುವುದು ಮೇಲು.

ಇನ್ನು ನಿಮ್ಮ ಪ್ರಶ್ನೆಗಳು.

ಒಬ್ಬರು ಕೇಳಿದರು: ಭಾರತದಲ್ಲಿ ಇದೆಲ್ಲ ಇದೆಯಾ, ಕಾನೂನು ಏನನ್ನುತ್ತದೆ?

ಇದೆ. ಕೋಲ್ಕತ್ತಾದ ಇಪ್ಸಿತಾ ರಾಯ್ ಚಕ್ರವರ್ತಿ 1980ರ ದಶಕದಲ್ಲೇ ತಾನು ವಿಕ್ಕನ್ ಎಂದು ಬಹಿರಂಗವಾಗಿ ಹೇಳಿಕೊಂಡರು. ವಿಚ್ ಎಂದು ಹಣೆಪಟ್ಟಿ ಹಚ್ಚಿ ಹೆಂಗಸರನ್ನು ಕೊಲ್ಲುವ ಊರುಗಳಿರುವ ದೇಶದಲ್ಲಿ ಅದು ಸಣ್ಣ ಮಾತಲ್ಲ. ನಮ್ಮ ರಾಜ್ಯದಲ್ಲಿ 2017ರಲ್ಲಿ ಮಾಡಿ 2020ರಲ್ಲಿ ಜಾರಿಗೆ ತಂದ ಮಾಟ, ಅಮಾನವೀಯ ಆಚರಣೆಗಳ ವಿರುದ್ಧದ ಕಾಯ್ದೆ ಇದೆ. ನಿಧಿಗಾಗಿ ಮಾಟ ಮಾಡುವುದು, ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಇಂಥವನ್ನು ಅದು ತಡೆಯುತ್ತದೆ. ಹುಣ್ಣಿಮೆಗೆ ನಾಲ್ಕು ಜನ ಸೇರಿ ಮೇಣದಬತ್ತಿ ಹಚ್ಚುವುದು ಅದರ ಪಟ್ಟಿಯಲ್ಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ: ಗುರು ಇಲ್ಲದೆ ಕಲಿಯಬಹುದಾ? ಹಾಗೆ ಕಲಿತರೆ ಅಪಾಯ ಅಂತ ಹೇಳ್ತಾರಲ್ಲ?

ಯಾರು ಹೇಳುತ್ತಾರೆ, ಅದನ್ನು ಮೊದಲು ನೋಡಿ. ಸಾಮಾನ್ಯವಾಗಿ ಗುರುವಾಗಲು ಕಾದು ಕೂತಿರುವವರೇ ಹೇಳುತ್ತಾರೆ! ಡೊರೀನ್ ಕಥೆಯ ಉಳಿದ ಭಾಗ ಇದಕ್ಕೆ ಉತ್ತರ. ಗಾರ್ಡ್ನರ್‌ನನ್ನು ಬಿಟ್ಟ ಮೇಲೆ ಅವಳು 1960ರ ದಶಕದಲ್ಲಿ ರಾಬರ್ಟ್ ಕಾಕ್ರೇನ್ ಎಂಬ ಇನ್ನೊಬ್ಬನ ಗುಂಪು ಸೇರಿದಳು. ಅವನಲ್ಲಿ ಕಸುವಿತ್ತು, ಅವನ ಪೂಜೆಗಳು ಅವಳಿಗೆ ಹಿಡಿಸಿದವು. ಆದರೆ ಅವನಿಗೆ ಗಾರ್ಡ್ನರ್ ಕಡೆಯವರನ್ನು ಕಂಡರೆ ಆಗದು. ಒಮ್ಮೆ ಎಲ್ಲರ ಮುಂದೆ, ಅವರನ್ನೆಲ್ಲ ಒಂದೇ ರಾತ್ರಿಯಲ್ಲಿ ಮುಗಿಸಬೇಕು ಎಂಬರ್ಥದ ಮಾತಾಡಿದ. ಡೊರೀನ್ ಎದ್ದು ನಿಂತು, ನಿನ್ನ ಈ ಮಾತು ಕೇಳಿ ಕೇಳಿ ಸಾಕಾಗಿದೆ ಎಂದು ಮುಖಕ್ಕೆ ಹೇಳಿ ಹೊರಟಳು. ಯಾವ ಶಾಪವೂ ತಟ್ಟಲಿಲ್ಲ. 1999ರವರೆಗೆ ಬದುಕಿದಳು. ಬ್ರೈಟನ್‌ನಲ್ಲಿ ಅವಳು ಇದ್ದ ಕಟ್ಟಡದ ಮೇಲೆ ಈಗ, ಹೆಸರಾಂತರು ಇದ್ದ ಮನೆಗಳಿಗೆ ಅಲ್ಲಿ ಹಾಕುವ ನೀಲಿ ಫಲಕ ಇದೆ. 1978ರಲ್ಲಿ ಅವಳು ಬರೆದ ಪುಸ್ತಕದಲ್ಲಿ ಒಬ್ಬರೇ ಕೂತು ತಮಗೆ ತಾವೇ ದೀಕ್ಷೆ ಕೊಟ್ಟುಕೊಳ್ಳುವ ವಿಧಿಯನ್ನು ಪೂರ್ತಿ ಕೊಟ್ಟಿದ್ದಾಳೆ. ಆ ಹೊತ್ತಿಗೆ ಅವಳು ಈ ವಿದ್ಯೆಗೆ ಬಂದು 25 ವರ್ಷ, ಗುರುಗಳನ್ನು ಬಿಟ್ಟಿದ್ದು ಎರಡು ಸಲ.